ಕಡತದ ಮೇಲಿನ ವಿಚಾರಣೆ: ಹಾವೇರಿ ಜಿಲ್ಲೆಯ ಕೊಲೆ ಮೇಲ್ಮನವಿಗಳು ಮತ್ತು ಧಾರವಾಡ ಪೀಠ

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಕೊಲೆ ನಡೆದರೆ ಅದರ ಮೇಲ್ಮನವಿ ಧಾರವಾಡಕ್ಕೆ ಹೋಗುತ್ತದೆ. ತುಂಗಭದ್ರೆಯ ಆಚೆ ದಂಡೆಯ ಹರಿಹರದಲ್ಲಿ ನಡೆದರೆ ಬೆಂಗಳೂರಿಗೆ. ಈ ಗೆರೆ ಹಳೆಯದು. 1956ರ ಏಕೀಕರಣದವರೆಗೆ ಈಚೆ ದಂಡೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು, ಆಚೆ ದಂಡೆ ಮೈಸೂರಿಗೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನವರ ಅಪೀಲು ಮುಂಬೈ ಹೈಕೋರ್ಟಿಗೆ ಹೋಗುತ್ತಿತ್ತು. ಏಕೀಕರಣದ ಬಳಿಕ ಬೆಂಗಳೂರಿನ ಅಟ್ಟಾರ ಕಚೇರಿಯ ಹೈಕೋರ್ಟೇ ಗತಿಯಾಯಿತು. ಧಾರವಾಡದಲ್ಲಿ 2008ರ ಜುಲೈನಲ್ಲಿ ಸಂಚಾರಿ ಪೀಠ ಬಂದು, 2013ರ ಆಗಸ್ಟ್‌ನಲ್ಲಿ ಕಾಯಂ ಆದಾಗ ನದಿ ಮತ್ತೆ ಗಡಿಯಾಯಿತು.

ಪೀಠಕ್ಕಾಗಿ ನಡೆದ ಹೋರಾಟದಲ್ಲಿ ದೂರದ ಮಾತೇ ದೊಡ್ಡದಾಗಿತ್ತು. ಅದು ಸುಳ್ಳೇನಲ್ಲ, ಹಾವೇರಿಯಿಂದ ಬೆಳಿಗ್ಗೆ ಬಸ್ ಹತ್ತಿದವರು ವಕೀಲರನ್ನು ಕಂಡು ಸಂಜೆಗೆ ಮನೆ ಸೇರಬಹುದು. ಆದರೆ ಸಾಕ್ಷಿಗೂ ಹೈಕೋರ್ಟಿನ ನ್ಯಾಯಮೂರ್ತಿಗಳಿಗೂ ನಡುವಿನ ದೂರ ಇದರಿಂದ ಕಡಿಮೆಯಾಗಿಲ್ಲ ಎಂಬುದು ಈ ಲೇಖನದ ವಾದ.

ಬ್ಯಾಡಗಿಯ ಕೊಲೆ ಪ್ರಕರಣವನ್ನು ಮ್ಯಾಜಿಸ್ಟ್ರೇಟರು ಸತ್ರ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಸಾಕ್ಷಿಯನ್ನು ಕಣ್ಣಾರೆ ಕಾಣುವುದು ಸತ್ರ ನ್ಯಾಯಾಧೀಶರು ಮಾತ್ರ. ಅಲ್ಲಿ ಶಿಕ್ಷೆಯಾದರೆ ಮೇಲ್ಮನವಿ ಅಪರಾಧಿಯ ಹಕ್ಕು. ಸಲ್ಲಿಸಲು 60 ದಿನಗಳ ಗಡುವಿದೆ. ಮರಣದಂಡನೆಯಾದರೆ ಗಡುವು 30 ದಿನ, ಅದರ ಜತೆಗೆ ಹೈಕೋರ್ಟ್ ದೃಢೀಕರಿಸದೆ ಆ ಶಿಕ್ಷೆ ಜಾರಿಯಾಗುವಂತಿಲ್ಲ. ಜೈಲಿನಲ್ಲಿರುವವರು ಅಧಿಕಾರಿಯ ಕೈಗೆ ಅರ್ಜಿ ಕೊಟ್ಟರೂ ಸಾಕು, ಮುಂದಕ್ಕೆ ಕಳಿಸುವುದು ಅವರ ಹೊಣೆ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಬಂಧನದಲ್ಲಿರುವವರಿಗೆ ವಕೀಲರ ಉಚಿತ ನೆರವೂ ಸಿಗುತ್ತದೆ.

ದ್ವಿಸದಸ್ಯ ಪೀಠ ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗುತ್ತದೆ, ಆದರೆ ತೂಗುವುದು ಕಾಗದವನ್ನು. ಒಂದು ಊಹೆಯ ಪ್ರಕರಣ ನೋಡೋಣ. ಹೊಲದ ಬದುವಿನ ಮೇಲೆ ಜಗಳ, ಕುಡಗೋಲಿನ ಒಂದೇ ಏಟು, ಸಾವು. ಪಂಚರು ಕಟಕಟೆಯಲ್ಲಿ ‘ಸಹಿ ನಂದ ಐತ್ರಿ, ಸ್ಟೇಷನ್‌ನ್ಯಾಗ ಮಾಡೀನಿ’ ಎಂದು ತಿರುಗಿಬೀಳುತ್ತಾರೆ. ಮೃತನ ಹೆಂಡತಿ ಪಾಟೀಸವಾಲಿನಲ್ಲಿ, ಆರೋಪಿ ಮೇವು ಕೊಯ್ಯಲು ಕುಡಗೋಲು ತಂದಿದ್ದನೆಂದು ಒಪ್ಪುತ್ತಾಳೆ. ಧಾರವಾಡದಲ್ಲಿ ಇಡೀ ವಾದ ಈ ಒಂದು ವಾಕ್ಯದ ಮೇಲೆ ನಿಲ್ಲಬಹುದು. ಆಯುಧ ಕೊಲ್ಲಲೆಂದು ತಂದದ್ದಲ್ಲ, ಜಗಳ ಹಠಾತ್ತನೆ ಹುಟ್ಟಿತು, ಅವನು ಕ್ರೌರ್ಯ ಮೆರೆಯಲಿಲ್ಲ ಎಂದು ಪೀಠ ಒಪ್ಪಿದರೆ ಕೃತ್ಯ ಕೊಲೆಯಾಗಿ ಉಳಿಯುವುದಿಲ್ಲ. ಹಳೆಯ ದಂಡ ಸಂಹಿತೆಯ 302ನೆಯ ಕಲಂನಿಂದ 304ಕ್ಕೆ, ಈಗಿನ ನ್ಯಾಯ ಸಂಹಿತೆಯಲ್ಲಿ 103ರಿಂದ 105ಕ್ಕೆ ಇಳಿಯುತ್ತದೆ. ಜೀವಾವಧಿಯ ಬದಲು ಹತ್ತು ವರ್ಷದೊಳಗಿನ ಶಿಕ್ಷೆಯೂ ಆಗಬಹುದು.

ಆಕೆ ಆ ಮಾತನ್ನು ತಡೆದು ತಡೆದು ಹೇಳಿದಳೋ, ವಕೀಲರ ಪ್ರಶ್ನೆಗೆ ಬೇಸತ್ತು ಹೂಂ ಎಂದಳೋ? ಕಡತದಲ್ಲಿ ಉಳಿಯುವುದು ‘ನಿಜ’ ಎಂಬ ಒಂದು ಸಾಲು. ಸಾಕ್ಷಿಯ ವರ್ತನೆಯ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆಯಲೆಂದೇ ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿ 280ನೆಯ ಕಲಂ ಇತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 315ನೆಯದು. ರಾಣೆಬೆನ್ನೂರಿನಲ್ಲಿ ಆ ನಾಲ್ಕು ಸಾಲು ಬರೆಯದೆ ಹೋದರೆ ಧಾರವಾಡದಲ್ಲಿ ಅದನ್ನು ತುಂಬಿಕೊಡುವವರಿಲ್ಲ. ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಹೈಕೋರ್ಟಿಗೆ ಇದೆಯಾದರೂ, ವರ್ಷಗಳ ನಂತರ ಅದೇ ಹೆಣ್ಣುಮಗಳನ್ನು ಕರೆಸಿದರೆ ಸಿಗುವುದು ಬೇರೆಯೇ ಸಾಕ್ಷ್ಯ.

ಖುಲಾಸೆಯ ವಿರುದ್ಧದ ಅಪೀಲಿನಲ್ಲಿ ಈ ಕೊರತೆಗೆ ಸ್ವಲ್ಪ ಪರಿಹಾರವಿದೆ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಸಾಕ್ಷ್ಯದಿಂದ ಎರಡು ಸಮಂಜಸ ಅಭಿಪ್ರಾಯ ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದು. ಶಿಕ್ಷೆಯ ವಿರುದ್ಧದ ಅಪೀಲಿನಲ್ಲಿ ಸಂಶಯದ ಲಾಭ ಆರೋಪಿಗೆ ಸಿಗಬೇಕು ನಿಜ. ಆದರೆ ಸಂಶಯ ಹುಟ್ಟುವುದೂ ಅದೇ ಕಾಗದದಿಂದಲೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಸುರಕ್ಷಾ ಸಂಹಿತೆ ಇಲ್ಲಿ ವಿಚಿತ್ರವಾಗಿ ನಡೆದುಕೊಂಡಿದೆ. ಶೋಧ, ಜಪ್ತಿಗಳನ್ನು ಧ್ವನಿ-ದೃಶ್ಯದಲ್ಲಿ ದಾಖಲಿಸಲೇಬೇಕು ಎನ್ನುತ್ತದೆ 105ನೆಯ ಕಲಂ; ಸತ್ರ ವಿಚಾರಣೆಯ ಸಾಕ್ಷ್ಯವನ್ನು ಹಾಗೆ ದಾಖಲಿಸಬಹುದು ಎಂದಷ್ಟೇ ಹೇಳುತ್ತದೆ 254ನೆಯದು. ಕುಡಗೋಲಿನ ಜಪ್ತಿಗೆ ವಿಡಿಯೊ ಕಡ್ಡಾಯ, ಕುಡಗೋಲು ಬೀಸಿದ್ದನ್ನು ಕಂಡವಳ ಮಾತಿಗೆ ಐಚ್ಛಿಕ. ಕೊಲೆ ಪ್ರಕರಣದ ಪ್ರತ್ಯಕ್ಷ ಸಾಕ್ಷಿಗಳ ಮಟ್ಟಿಗಾದರೂ ಹಾವೇರಿ, ರಾಣೆಬೆನ್ನೂರಿನ ಸತ್ರ ನ್ಯಾಯಾಲಯಗಳು ಇದನ್ನು ರೂಢಿ ಮಾಡಿಕೊಳ್ಳಲು ಕಾಯ್ದೆಯ ತಿದ್ದುಪಡಿ ಬೇಕಿಲ್ಲ. ಈಗಿರುವ ಕಲಮೇ ಸಾಕು.