ಮಕ್ಕಳ ಟಾನ್ಸಿಲ್ ಬಾವು: ಮಲೆನಾಡಿನ ಪೋಷಕರು ಅರಿಯಬೇಕಾದುದು

ಮಳೆಗಾಲ ಆರಂಭವಾಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಮಕ್ಕಳ ಗಂಟಲು ನೋವಿನ ದೂರು ಸಾಮಾನ್ಯ. ಗಂಟಲಿನ ಇಕ್ಕೆಲಗಳಲ್ಲಿರುವ ಟಾನ್ಸಿಲ್ ಗ್ರಂಥಿಗಳು ಸೋಂಕಿನಿಂದ ಊದಿಕೊಳ್ಳುವುದೇ ಟಾನ್ಸಿಲ್ ಬಾವು. ಜ್ವರ, ನುಂಗುವಾಗ ನೋವು, ಕತ್ತಿನ ಗ್ರಂಥಿಗಳ ಊತ, ಟಾನ್ಸಿಲ್ ಮೇಲೆ ಬಿಳಿ ಕಲೆ ಇದರ ಲಕ್ಷಣಗಳು.

ಕಾರಣವೇನು?
ಬಹುಪಾಲು ಪ್ರಕರಣಗಳಿಗೆ ವೈರಾಣುಗಳೇ ಕಾರಣ. ಇವು ಸಾಮಾನ್ಯವಾಗಿ ಒಂದು ವಾರದೊಳಗೆ ತಾವಾಗಿ ಶಮನವಾಗುತ್ತವೆ, ಆ್ಯಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸೋಂಕಾದರೆ ಮಾತ್ರ ವೈದ್ಯರು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ನೀಡುತ್ತಾರೆ. ಸಾಮಾನ್ಯವಾಗಿ 10 ದಿನಗಳ ಈ ಚಿಕಿತ್ಸೆಯನ್ನು ಜ್ವರ ಇಳಿಯಿತೆಂದು ನಡುವೆಯೇ ನಿಲ್ಲಿಸಬಾರದು. ನಿರ್ಲಕ್ಷಿಸಿದರೆ ಹೃದಯದ ಕವಾಟಗಳಿಗೆ ಹಾನಿ ಮಾಡಬಲ್ಲ ರುಮ್ಯಾಟಿಕ್ ಜ್ವರ ಬರುವ ಅಪಾಯವಿದೆ.

ಮನೆಯ ಆರೈಕೆ
ಮಗುವಿಗೆ ವಿಶ್ರಾಂತಿ, ಆಗಾಗ್ಗೆ ನೀರು, ತೆಳು ಗಂಜಿ, ಸಾರು ಕೊಡಬೇಕು. ದೊಡ್ಡ ಮಕ್ಕಳು ಉಗುರುಬೆಚ್ಚಗಿನ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸಬಹುದು. ಒಂದು ವರ್ಷದೊಳಗಿನ ಶಿಶುವಿಗೆ ಜೇನುತುಪ್ಪ ಸಲ್ಲದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸೂಕ್ತ. ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ 4 ಬಾರಿಗಿಂತ ಹೆಚ್ಚು ಬೇಡ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಬೆರಳಿನಿಂದ ಟಾನ್ಸಿಲ್ ಒತ್ತುವುದು ಅಪಾಯಕಾರಿ.

ಮಂಗನ ಕಾಯಿಲೆಯ ಶಂಕೆ
ಈ ಭಾಗದಲ್ಲಿ ಎಲ್ಲ ಜ್ವರವನ್ನೂ ಗಂಟಲಿನದೆಂದು ಭಾವಿಸುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಪತ್ತೆಯಾದ ಮಂಗನ ಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಡಿಸೆಂಬರ್‌ನಿಂದ ಮೇವರೆಗಿನ ಅವಧಿಯಲ್ಲಿ, ಕಾಡಂಚಿನಲ್ಲಿ ಓಡಾಡಿದ ಮಗುವಿಗೆ ಹಠಾತ್ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ತಕ್ಷಣ ರಕ್ತಪರೀಕ್ಷೆ ಮಾಡಿಸಬೇಕು. ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಯಾವಾಗ ಆಸ್ಪತ್ರೆಗೆ?
ಉಸಿರಾಟಕ್ಕೆ ಕಷ್ಟ, ಜೊಲ್ಲು ನುಂಗಲಾಗದಿರುವುದು, ಬಾಯಿ ತೆರೆಯಲಾಗದಿರುವುದು, ಮೂತ್ರ ತೀರಾ ಕಡಿಮೆಯಾಗುವುದು, ಮಂಪರು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. 108 ಆಂಬುಲೆನ್ಸ್ ಕರೆಸಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ಒಂಟಿಮನೆಗಳ ಮಲೆನಾಡಿನಲ್ಲಿ ಮಳೆಯ ರಾತ್ರಿಯ ಪ್ರಯಾಣ ನಿಧಾನವಾದ್ದರಿಂದ ಬೇಗ ಹೊರಡುವುದೇ ಲೇಸು.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಅಗತ್ಯವಿಲ್ಲ. ಒಂದು ವರ್ಷದಲ್ಲಿ 7 ಬಾರಿ, ಸತತ ಎರಡು ವರ್ಷ ತಲಾ 5 ಬಾರಿ ಅಥವಾ ಮೂರು ವರ್ಷ ತಲಾ 3 ಬಾರಿ ತೀವ್ರ ಬಾವು ಮರುಕಳಿಸಿದರೆ ಕಿವಿ, ಮೂಗು, ಗಂಟಲು ತಜ್ಞರು ಅದನ್ನು ಪರಿಶೀಲಿಸುತ್ತಾರೆ.