ಮಹಾಕೂಟದಲ್ಲಿ ನಡು ಮಧ್ಯಾಹ್ನ ನೆರಳು ಮಾಯವಾಗುವುದು ಪವಾಡವೇ? ಶೂನ್ಯ ನೆರಳಿನ ದಿನದ ನಿಜ ಸಂಗತಿ

ಹಳೆಯ ದೇವಾಲಯವೊಂದರ ಚಿತ್ರ, ಕೆಳಗೆ ಒಂದು ಸಾಲು: “ಈ ಗೋಪುರದ ನೆರಳು ನೆಲಕ್ಕೆ ಬೀಳುವುದೇ ಇಲ್ಲ, ವಿಜ್ಞಾನಿಗಳಿಗೂ ಕಾರಣ ತಿಳಿದಿಲ್ಲ.” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನೆರಳು ಮಾಯವಾಗುವುದು ನಿಜ. ಆದರೆ ಅದು ಒಂದು ಗೋಪುರಕ್ಕೆ ಸೀಮಿತವಲ್ಲ, ಕಾರಣವೂ ಗುಟ್ಟಲ್ಲ. ಬಾದಾಮಿ ಬಳಿಯ ಮಹಾಕೂಟದಲ್ಲಿ ವರ್ಷಕ್ಕೆ ಎರಡು ಸಲ ಇದನ್ನು ನೀವೇ ನೋಡಬಹುದು.

ಶೂನ್ಯ ನೆರಳಿನ ದಿನ ಎಂದರೇನು?

“ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ” ಎಂದು ಎಲ್ಲರೂ ಹೇಳುತ್ತೇವೆ. ಇದರಲ್ಲಿ ಎರಡು ತಪ್ಪುಗಳಿವೆ. ಸೂರ್ಯ ಪ್ರತಿದಿನ ನೆತ್ತಿಯ ಮೇಲೆ ಬರುವುದಿಲ್ಲ. ಬಂದ ದಿನವೂ ಗಡಿಯಾರದಲ್ಲಿ 12 ಆಗಿರಬೇಕೆಂದಿಲ್ಲ.

ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ. ಹಾಗಾಗಿ ವರ್ಷವಿಡೀ ಸೂರ್ಯ ಉತ್ತರಕ್ಕೂ ದಕ್ಷಿಣಕ್ಕೂ ಸರಿದಂತೆ ಕಾಣುತ್ತಾನೆ. ಇದೇ ಉತ್ತರಾಯಣ, ದಕ್ಷಿಣಾಯನ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಪ್ರತಿ ಊರಿನ ನೆತ್ತಿಯ ಮೇಲೂ ಸೂರ್ಯ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಕರ್ನಾಟಕದ ಎಲ್ಲ ಊರುಗಳಿಗೂ ಈ ಭಾಗ್ಯವಿದೆ. ದೆಹಲಿಗೆ ಇಲ್ಲ. ಅದು ಕರ್ಕಾಟಕ ವೃತ್ತಕ್ಕಿಂತ ಉತ್ತರದಲ್ಲಿದೆ.

ಮಹಾಕೂಟದಲ್ಲಿ ಯಾವಾಗ?

ಮಹಾಕೂಟ ಸುಮಾರು 15.93 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಲೆಕ್ಕದ ಪ್ರಕಾರ ಇಲ್ಲಿ ಶೂನ್ಯ ನೆರಳು:

• ಮೇ 3 ಅಥವಾ 4, ಮಧ್ಯಾಹ್ನ ಸುಮಾರು 12:24ಕ್ಕೆ
• ಆಗಸ್ಟ್ 8 ಅಥವಾ 9, ಮಧ್ಯಾಹ್ನ ಸುಮಾರು 12:33ಕ್ಕೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ, ಇಳಕಲ್ಲ, ಹುನಗುಂದ, ಬಾಗಲಕೋಟೆಗಳಿಗೂ ಹೆಚ್ಚುಕಡಿಮೆ ಇದೇ ದಿನಗಳು. ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ, ಬೀದರಿಗೆ ಮೇ 10-11ರ ಸುಮಾರಿಗೆ. ಆಗಸ್ಟ್‌ನಲ್ಲಿ ಮೋಡವಿರುವ ಸಾಧ್ಯತೆ ಹೆಚ್ಚು, ಮೇ ತಿಂಗಳೇ ಅನುಕೂಲ.

ಹನ್ನೆರಡರ ಬದಲು 12:24 ಏಕೆ? ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ. ಮಹಾಕೂಟ ಅದಕ್ಕಿಂತ ಸುಮಾರು 6.8 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ 27 ನಿಮಿಷ ತಡ. ಭೂಮಿಯ ಕಕ್ಷೆ ಮತ್ತು ವಾಲಿಕೆಯಿಂದ ಇನ್ನು ಕೆಲವು ನಿಮಿಷಗಳ ವ್ಯತ್ಯಾಸವಾಗುತ್ತದೆ.

ಹಾಗಾದರೆ ಗೋಪುರದ ಪವಾಡ?

ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನಕ್ಕೆ ನೆರಳೇ ಇಲ್ಲ ಎಂಬ ಮಾತು ಬಹಳ ಹಳೆಯದು. ಬೆಳಿಗ್ಗೆ ಅಥವಾ ಸಂಜೆ ಅಲ್ಲಿ ನಿಂತವರಿಗೆ ಅದರ ಉದ್ದನೆಯ ನೆರಳು ಕಾಣುತ್ತದೆ. ವಿಮಾನದ ಬುಡ ಅಗಲ, ತುದಿ ಕಿರಿದು. ಸೂರ್ಯ ಎತ್ತರದಲ್ಲಿದ್ದಾಗ ತುದಿಯ ನೆರಳು ಕಟ್ಟಡದ ಮೇಲೆಯೇ ಬಿದ್ದು ನೆಲ ಮುಟ್ಟುವುದಿಲ್ಲ. ಬುಡ ಅಗಲವಾಗಿರುವ ಯಾವ ಶಿಖರಕ್ಕಾದರೂ ಇದು ಅನ್ವಯಿಸುತ್ತದೆ. ಹೀಗೆಂದರೆ ಶಿಲ್ಪಿಗಳ ಹಿರಿಮೆ ಕಡಿಮೆಯಾಗುವುದಿಲ್ಲ. ಚಾಲುಕ್ಯರ ಕಾಲದ ಮಹಾಕೂಟ ದೊಡ್ಡದೆನಿಸಲು ಸುಳ್ಳು ಪವಾಡದ ಆಸರೆ ಬೇಕಿಲ್ಲ.

ಮಾಡಿ ನೋಡುವುದು ಹೇಗೆ?

ಮಂಗಳೇಶನ ಶಾಸನವಿರುವ ಮಹಾಕೂಟದ ಪ್ರಸಿದ್ಧ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಚಿಂತೆಯಿಲ್ಲ, ಒಂದು ಮೀಟರ್ ಉದ್ದದ ಪೈಪ್ ಸಾಕು.

1. ಸಮತಟ್ಟಾದ ನೆಲದಲ್ಲಿ ಪೈಪ್ ನಿಲ್ಲಿಸಿ. ಗೌಂಡಿಗಳು ಗೋಡೆಗೆ ಬಿಡುವ ಗುಂಡು-ದಾರ ಹಿಡಿದು ನೆಟ್ಟಗಿದೆಯೇ ನೋಡಿ.
2. 12 ಗಂಟೆಯಿಂದ ಪ್ರತಿ 5 ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ.
3. ನೆರಳು ತೀರಾ ಚಿಕ್ಕದಾದ ಸಮಯ ಮತ್ತು ಅದರ ಉದ್ದ ಬರೆದುಕೊಳ್ಳಿ.

ಅದೇ ದಿನ ಬೆಂಗಳೂರಿನಲ್ಲಿರುವ ನಿಮ್ಮ ಅಣ್ಣನೋ ಅಕ್ಕನೋ ಹೀಗೇ ಮಾಡಿದರೆ, ಅಲ್ಲಿ ನೆರಳು ಸುಮಾರು 5 ಸೆಂ.ಮೀ. ಬರುತ್ತದೆ, ಅದೂ ದಕ್ಷಿಣಕ್ಕೆ. ಅಂದರೆ ಸುಮಾರು 3 ಡಿಗ್ರಿ ಕೋನ. ಎರಡೂ ಊರುಗಳ ನಡುವೆ ಉತ್ತರ-ದಕ್ಷಿಣ ದೂರ ಸುಮಾರು 330 ಕಿ.ಮೀ. ಪೂರ್ತಿ ಸುತ್ತು 360 ಡಿಗ್ರಿ, ಅಂದರೆ 3ರ 120 ಪಟ್ಟು. 330ನ್ನು 120ರಿಂದ ಗುಣಿಸಿದರೆ 39,600 ಕಿ.ಮೀ. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿ.ಮೀ.! ಎರಡು ಸಾವಿರ ವರ್ಷಗಳ ಹಿಂದೆಯೇ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಇದೇ ಉಪಾಯದಿಂದ ಭೂಮಿಯನ್ನು ಅಳೆದ. ಭೂಮಿ ಚಪ್ಪಟೆ ಎನ್ನುವ ವಿಡಿಯೊಗಳಿಗೆ ನಿಮ್ಮ ಅಂಗಳದಲ್ಲೇ ಉತ್ತರವಿದೆ.

ಎಚ್ಚರಿಕೆ: ಸೂರ್ಯನನ್ನು ನೇರವಾಗಿ ನೋಡಬೇಡಿ, ನೆರಳನ್ನು ಮಾತ್ರ ನೋಡಿ. ದುರ್ಬೀನು ಬೇಡವೇ ಬೇಡ, ಅಕ್ಷಿಪಟ ಸುಟ್ಟರೆ ನೋವಾಗುವುದಿಲ್ಲ, ದೃಷ್ಟಿ ಮಾತ್ರ ಹೋಗುತ್ತದೆ. ಮೇ ತಿಂಗಳ ಬಿಸಿಲು ಹುಡುಗಾಟವಲ್ಲ. ಟೋಪಿ, ನೀರು ಇರಲಿ. ಗುರುತು ಹಾಕಿ ನೆರಳಿಗೆ ಬನ್ನಿ. ವಯಸ್ಸಾದವರು, ಚಿಕ್ಕ ಮಕ್ಕಳು ಒಳಗೇ ಇದ್ದು ಲೆಕ್ಕ ಬರೆದುಕೊಳ್ಳಲಿ.

ಯಾರು ಇಂಥ ಕಾರ್ಯಕ್ರಮ ನಡೆಸುತ್ತಾರೆ?

ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ಮತ್ತು ಖಗೋಳ ವಿಭಾಗಗಳು, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ಜವಾಹರಲಾಲ್ ನೆಹರು ತಾರಾಲಯದಂಥ ಸಂಸ್ಥೆಗಳು ಸಾರ್ವಜನಿಕರಿಗಾಗಿ ಉಪನ್ಯಾಸ, ಆಕಾಶ ವೀಕ್ಷಣೆ ಏರ್ಪಡಿಸುತ್ತವೆ. 1972ರಲ್ಲಿ ಸ್ಥಾಪನೆಯಾದ ಭಾರತೀಯ ಖಗೋಳ ಸಂಘದ ಸಾರ್ವಜನಿಕ ಸಂಪರ್ಕ ಸಮಿತಿ ಶೂನ್ಯ ನೆರಳಿನ ದಿನವನ್ನು ಶಾಲೆಗಳಿಗೆ ತಲುಪಿಸಲು ಶ್ರಮಿಸಿದೆ. ಕೇಳಲು ಪದವಿ ಬೇಕಿಲ್ಲ, ಪ್ರಶ್ನೆ ಇದ್ದರೆ ಸಾಕು.

ಇದು ಏಕೆ ಮುಖ್ಯ? 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹಾಕಿದ್ದರು. ಆದರೆ ಅನೇಕರು ಹೆದರಿ ಬಾಗಿಲು ಹಾಕಿಕೊಂಡು ಮನೆಯೊಳಗೇ ಕುಳಿತರು. ಬದುಕಿನಲ್ಲಿ ಒಮ್ಮೆ ಸಿಗುವ ನೋಟ ಕೈತಪ್ಪಿತು.

ಫಾರ್ವರ್ಡ್ ಮಾಡುವ ಮುನ್ನ

ಮೂರು ಪ್ರಶ್ನೆ ಕೇಳಿ: ಯಾವ ಊರು? ಯಾವ ದಿನ? ಎಷ್ಟು ಗಂಟೆಗೆ? ನಿಜವಾದ ಖಗೋಳ ಕಾರ್ಯಕ್ರಮದ ಪ್ರಕಟಣೆಯಲ್ಲಿ ಈ ಮೂರೂ ಇರುತ್ತವೆ. “ಜಗತ್ತೇ 6 ನಿಮಿಷ ಕತ್ತಲಾಗಲಿದೆ” ಎಂಬ ಸಂದೇಶ 2025ರಲ್ಲಿ ಹರಿದಾಡಿತು. ನಿಜ ಸಂಗತಿ 2027ರ ಆಗಸ್ಟ್ 2ರ ಸೂರ್ಯಗ್ರಹಣ. ಆರು ನಿಮಿಷದ ಕತ್ತಲೆ ಈಜಿಪ್ಟಿನ ಲಕ್ಸರ್ ಸುತ್ತಮುತ್ತಲಿನಂಥ ಕಿರಿದಾದ ಪಟ್ಟಿಯಲ್ಲಿ ಮಾತ್ರ. ಕರ್ನಾಟಕದ ಮೇಲೆ ಆ ಪಟ್ಟಿ ಬರುವುದೇ ಇಲ್ಲ.

ಒಂದು ಮಾತಿನಲ್ಲಿ: ನೆರಳು ಮಾಯವಾಗುವುದು ನಿಜ, ಪವಾಡ ಎನ್ನುವುದು ಸುಳ್ಳು. ಈ ಬರಹದ ಮಾತನ್ನೂ ಹಾಗೇ ನಂಬಬೇಡಿ. ಬರುವ ಮೇ ತಿಂಗಳಲ್ಲಿ ಒಂದು ಪೈಪ್ ನಿಲ್ಲಿಸಿ ಪರೀಕ್ಷಿಸಿ.