ಹಳಿಗಳ ಸಂದು: ಫಿಶ್‌ಪ್ಲೇಟಿನಿಂದ ಬೆಸುಗೆಯವರೆಗೆ

ರೈಲು ಹಳಿಯ ಅತ್ಯಂತ ದುರ್ಬಲ ಜಾಗ ಅದರ ತುದಿ. ಒಂದು ಹಳಿ ಮುಗಿದು ಇನ್ನೊಂದು ಶುರುವಾಗುವ ಕಡೆ ಚಕ್ರದ ಭಾರ ಹೊರುವ ಉಕ್ಕಿನ ಸಾಲು ತುಂಡಾಗಿರುತ್ತದೆ. ಅಲ್ಲಿ ಹಾಕುವ ಜೋಡಣೆ ಎರಡು ಕೆಲಸ ಮಾಡಬೇಕು: ತುದಿಗಳು ಒಂದೇ ಮಟ್ಟದಲ್ಲಿ ಅಲುಗದೆ ನಿಲ್ಲಬೇಕು, ಬಿಸಿಲಿಗೆ ಹಿಗ್ಗುವ ಹಳಿ ಉದ್ದಕ್ಕೆ ಸರಿದಾಡಲೂ ಬೇಕು. ಒಂದನ್ನು ಪೂರೈಸಿದರೆ ಇನ್ನೊಂದು ಕೈಕೊಡುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಎಂಜಿನಿಯರುಗಳು ಹಳಿಗೆ ಜಾಗ ಬಿಡುವುದರಲ್ಲೇ ಇದಕ್ಕೆ ಪರಿಹಾರ ಹುಡುಕಿದರು. ಜಾಗ ಬಿಡಲೇಬೇಕಿಲ್ಲ ಎಂಬುದು ಖಚಿತವಾದದ್ದು 20ನೇ ಶತಮಾನದಲ್ಲಿ.

ಆರಂಭದ ಕಬ್ಬಿಣದ ಹಳಿಗಳು ಎರಕದವು. 1789ರ ಸುಮಾರಿಗೆ ಇಂಗ್ಲೆಂಡಿನ ಲಫ್‌ಬರೋ ಬಳಿ ವಿಲಿಯಂ ಜೆಸಪ್ ಹಾಕಿಸಿದಂಥ ಹಳಿಗಳ ಉದ್ದ ಮೂರಡಿಯಷ್ಟೇ. ಹೆಜ್ಜೆಗೊಂದು ಸಂದು, ತುದಿಗಳು ಕಲ್ಲಿನ ಮೇಲೆ ಕೂತಿರುತ್ತಿದ್ದವು. ಒಂದು ಕಲ್ಲು ಸ್ವಲ್ಪ ಕುಸಿದರೂ ಮುಂದಿನ ಹಳಿಯ ತುದಿ ಮೆಟ್ಟಿಲಿನಂತೆ ಮೇಲೆದ್ದು ನಿಲ್ಲುತ್ತಿತ್ತು. 1816ರಲ್ಲಿ ವಿಲಿಯಂ ಲಾಷ್ ಮತ್ತು ಜಾರ್ಜ್ ಸ್ಟೀಫನ್‌ಸನ್ ಪಡೆದ ಪೇಟೆಂಟಿನಲ್ಲಿ ಎರಡೂ ತುದಿಗಳನ್ನು ಅರ್ಧರ್ಧ ಕೊರೆದು ಒಂದರ ಪಕ್ಕಕ್ಕೊಂದು ಹೊಂದಿಸಿ ಒಂದೇ ಕುರ್ಚಿಯಲ್ಲಿ (ಹಳಿ ಕೂರಿಸುವ ಎರಕದ ತೊಟ್ಟಿಲಿಗೆ ಆ ಹೆಸರು) ಮೊಳೆಯಿಂದ ಬಂಧಿಸುವ ಏರ್ಪಾಡಿತ್ತು. ಚಕ್ರ ಒಂದು ಹಳಿಯನ್ನು ಪೂರ್ತಿ ಬಿಡುವ ಮೊದಲೇ ಇನ್ನೊಂದನ್ನು ಮುಟ್ಟುವಂತಾಯಿತು. ಯೋಚನೆ ಸರಿಯಾಗಿತ್ತು, ಆದರೆ ಪೆಟ್ಟಿಗೆ ಒಡೆಯುವ ಎರಕದ ಕಬ್ಬಿಣದಲ್ಲಿ ಅದು ಬಾಳುವಂತಿರಲಿಲ್ಲ.

ಸಂದುಗಳನ್ನು ಕಡಿಮೆ ಮಾಡುವುದೇ ಮೊದಲ ನಿಜವಾದ ಸುಧಾರಣೆ. 1820ರಲ್ಲಿ ಬೆಡ್ಲಿಂಗ್ಟನ್ ಕಬ್ಬಿಣ ಕಾರ್ಖಾನೆಯ ಜಾನ್ ಬರ್ಕಿನ್‌ಷಾ ಮೆದು ಕಬ್ಬಿಣದ ಹಳಿಯನ್ನು ಉರುಳೆಗಳ ನಡುವೆ ಹಾಯಿಸಿ ಹದಿನೈದು ಅಡಿ ಉದ್ದಕ್ಕೆ ಎಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಐದು ಸಂದುಗಳಿದ್ದ ಕಡೆ ಒಂದೇ ಉಳಿಯಿತು. ತುದಿಗಳನ್ನು ಬೆಸೆದುಬಿಡಬಹುದು ಎಂಬ ಸೂಚನೆಯೂ ಆ ಪೇಟೆಂಟಿನಲ್ಲಿತ್ತು. ಅದು ಕೈಗೂಡಲು ಒಂದು ಶತಮಾನ ಹಿಡಿಯಿತು. ಎರಕದ ಹಳಿಯ ಪೇಟೆಂಟಿನಲ್ಲಿ ತಮ್ಮದೇ ಪಾಲಿದ್ದರೂ ಸ್ಟೀಫನ್‌ಸನ್ 1825ರ ಸ್ಟಾಕ್ಟನ್–ಡಾರ್ಲಿಂಗ್ಟನ್ ಮಾರ್ಗಕ್ಕೆ ಮೆದು ಕಬ್ಬಿಣವನ್ನೇ ಶಿಫಾರಸು ಮಾಡಿದರು. ಸ್ವಂತ ಲಾಭ ಬದಿಗಿಟ್ಟು ಕೊಟ್ಟ ಆ ಸಲಹೆ ಗೌರವಕ್ಕೆ ಅರ್ಹ.

ಆದರೂ 1840ರ ದಶಕದವರೆಗೆ ಎರಡು ಹಳಿಗಳ ತುದಿಗಳನ್ನು ಒಂದೇ ಕುರ್ಚಿಯಲ್ಲಿ ಕೂರಿಸಿ ಮರದ ಬೆಣೆ ಹೊಡೆಯುವುದೇ ರೂಢಿ. ಬೆಣೆ ಒಣಗಿ ಸಡಿಲವಾದರೆ ತುದಿಗಳು ಕುಣಿಯುತ್ತಿದ್ದವು. 1847ರಲ್ಲಿ ವಿಲಿಯಂ ಬ್ರಿಜಸ್ ಆಡಮ್ಸ್ ಮತ್ತು ರಾಬರ್ಟ್ ರಿಚರ್ಡ್‌ಸನ್ ಫಿಶ್‌ಪ್ಲೇಟಿಗೆ ಪೇಟೆಂಟ್ ಪಡೆದರು. ಇಂಗ್ಲೆಂಡಿನ ಈಸ್ಟರ್ನ್ ಕೌಂಟೀಸ್ ರೈಲ್ವೆಯಲ್ಲಿ ಅದು ಮೊದಲು ಬಳಕೆಗೆ ಬಂತು. ಸಂದಿನ ಎರಡೂ ಬದಿಗೆ ಒಂದೊಂದು ಪಟ್ಟಿ, ಅಡ್ಡಲಾಗಿ ನಾಲ್ಕು ಬೋಲ್ಟು. ಪಟ್ಟಿ ಹಳಿಯ ನಡುಗೋಡೆಗೆ ತಾಗುವುದಿಲ್ಲ. ಮೇಲೆ ಹಳಿಯ ತಲೆಯ ತಳಭಾಗ, ಕೆಳಗೆ ಅದರ ಪಾದದ ಇಳಿಜಾರು, ಇವೆರಡರ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ನಟ್ಟು ಬಿಗಿದಷ್ಟೂ ಒಳಸೇರುತ್ತದೆ. ಹಳಿಯ ತೂತು ಬೋಲ್ಟಿಗಿಂತ ದೊಡ್ಡದಾದ್ದರಿಂದ ಹಳಿ ಉದ್ದಕ್ಕೆ ತುಸು ಜಾರಬಲ್ಲದು, ಮೇಲೆ ಕೆಳಗೆ ಮಾತ್ರ ಅಲುಗದು. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುವ ಭಾಗ ರೈಲ್ವೆಯಲ್ಲಿ ಬೇರೆ ಸಿಗುವುದು ಕಷ್ಟ. 1853ರಲ್ಲಿ ಬೋರಿಬಂದರ್–ಠಾಣೆ ನಡುವೆ ರೈಲು ಓಡಿ, 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ಮಾರ್ಗ ಬರುವ ಹೊತ್ತಿಗೆ ಬ್ರಿಟನ್ನಿನ ಎಂಜಿನಿಯರುಗಳಿಗೆ ಫಿಶ್‌ಪ್ಲೇಟ್ ಚಿರಪರಿಚಿತವಾಗಿತ್ತು.

ಸಂದನ್ನು ಸ್ಲೀಪರಿನ (ಹಳಿಗಳ ಅಡಿ ಅಡ್ಡಲಾಗಿ ಹಾಕುವ ತೊಲೆಯ) ಮೇಲೇ ಇಡಬೇಕೋ, ಎರಡು ಸ್ಲೀಪರುಗಳ ನಡುವೆ ತೂಗಬಿಡಬೇಕೋ ಎಂಬ ಚರ್ಚೆ ಬಹುಕಾಲ ನಡೆಯಿತು. ಭಾರತದಲ್ಲಿ ತೂಗುಸಂದೇ ನೆಲೆಯಾಯಿತು. ಅಕ್ಕಪಕ್ಕದ ಸ್ಲೀಪರುಗಳನ್ನು ಹತ್ತಿರ ಹತ್ತಿರ ಇಡುತ್ತಾರೆ. ಎಡಬಲ ಹಳಿಗಳ ಸಂದುಗಳು ಇಲ್ಲಿಯೂ ಬ್ರಿಟನ್ನಿನಲ್ಲಿಯೂ ಎದುರುಬದುರು. ಅಮೆರಿಕದಲ್ಲಿ ಒಂದು ಬದಿಯ ಸಂದು ಇನ್ನೊಂದು ಬದಿಯ ಹಳಿಯ ನಡುಮಧ್ಯಕ್ಕೆ ಬರುತ್ತದೆ.

ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಉದ್ದದ ಲಕ್ಷದಲ್ಲಿ 1.15 ಭಾಗದಷ್ಟು ಹಿಗ್ಗುತ್ತದೆ. ಭಾರತದ ಬ್ರಾಡ್‌ಗೇಜ್ ಹಳಿಯ ಹಳೆಯ ವಾಡಿಕೆಯ ಉದ್ದ 13 ಮೀಟರ್. ಚಳಿಯ ನಸುಕಿಗೂ ಬೇಸಿಗೆಯ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸವೆಂದರೆ ಹಿಗ್ಗುವುದು ಸುಮಾರು 6 ಮಿಲಿಮೀಟರ್. ತೆರಪು ಇಷ್ಟು ಚಿಕ್ಕದಾದರೂ ಚಕ್ರ ಅಲ್ಲಿ ತುಸು ಇಳಿದು ಮುಂದಿನ ತುದಿಗೆ ಬಡಿಯುತ್ತದೆ. ರೈಲಿನ ಕಟಕಟ ಸದ್ದು ಆ ಬಡಿತದ್ದೇ. ಪೆಟ್ಟು ತಿಂದ ಹಳಿಯ ತಲೆ ಚಪ್ಪಟೆಯಾಗುತ್ತದೆ. ತುದಿ ಕೆಳಕ್ಕೆ ಬಾಗಿ ಮತ್ತೆ ನೇರವಾಗದೆ ಉಳಿಯುತ್ತದೆ. ಕೆಳಗಿನ ಜಲ್ಲಿ ನುರಿದು, ಮಳೆಗಾಲದಲ್ಲಿ ಸ್ಲೀಪರಿನ ಅಡಿಯಿಂದ ಕೆಸರು ಚಿಮ್ಮತೊಡಗುತ್ತದೆ. ಆಸರೆ ಮೆತ್ತಗಾದಷ್ಟೂ ಪೆಟ್ಟು ಜೋರು, ಪೆಟ್ಟು ಜೋರಾದಷ್ಟೂ ಆಸರೆ ಮೆತ್ತಗೆ. ಕೊನೆಗೆ ಬೋಲ್ಟಿನ ತೂತಿನ ಅಂಚಿನಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಪಟ್ಟಿಯ ಮರೆಯಲ್ಲಿರುವುದರಿಂದ ಅದು ಹೊರಗಿನಿಂದ ಕಾಣುವುದಿಲ್ಲ.

ಆದ್ದರಿಂದಲೇ ಫಿಶ್‌ಪ್ಲೇಟ್ ಇರುವ ಹಾದಿಗೆ ಬಿಡುವಿಲ್ಲದ ಆರೈಕೆ ಬೇಕು. ಭಾರತೀಯ ರೈಲ್ವೆಯ ಕ್ರಮದಲ್ಲಿ ವರ್ಷಕ್ಕೊಮ್ಮೆ, ಅಕ್ಟೋಬರಿನಿಂದ ಫೆಬ್ರುವರಿಯೊಳಗೆ, ಗ್ಯಾಂಗಿನವರು ಪ್ರತಿ ಸಂದನ್ನೂ ಬಿಚ್ಚುತ್ತಾರೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಕನ್ನಡಿ ಮತ್ತು ಭೂತಗಾಜು ಹಿಡಿದು ತೂತುಗಳ ಸುತ್ತ ಬಿರುಕು ಹುಡುಕಿ, ಪಟ್ಟಿ ಕೂರುವ ಮೈಗೆ ಗ್ರಾಫೈಟ್ ಬೆರೆತ ಎಣ್ಣೆ ಬಳಿದು ಮತ್ತೆ ಬಿಗಿಯುತ್ತಾರೆ. ಎಣ್ಣೆ ಕಾಣದ ಸಂದು ತುಕ್ಕು ಹಿಡಿದು ಜಾರದೆ ನಿಂತರೆ, ಬೇಸಿಗೆಯಲ್ಲಿ ತೆರಪಿದ್ದೂ ಇಲ್ಲದಂತಾಗಿ ಹಳಿ ಸೊಟ್ಟಗಾಗಬಹುದು. ದಿನವೂ ಹಾದಿಯುದ್ದಕ್ಕೆ ನಡೆಯುವ ಕೀಮನ್‌ನ ಕಣ್ಣು, ಅವನ ಹೆಗಲ ಮೇಲಿನ ಸ್ಪ್ಯಾನರು, ಇವೆರಡರ ಮೇಲೆ ಲಕ್ಷಾಂತರ ಪ್ರಯಾಣಿಕರ ಜೀವ ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಒಂದು ಸಂದಿನ ದೋಷ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 1967ರ ನವೆಂಬರ್ 5ರ ರಾತ್ರಿ ಲಂಡನ್ನಿನ ಹಿದರ್ ಗ್ರೀನ್ ಬಳಿ ನಡೆದ ಅಪಘಾತ ಸಾಕ್ಷಿ. ಹೇಸ್ಟಿಂಗ್ಸ್‌ನಿಂದ ಬರುತ್ತಿದ್ದ ರೈಲು ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಹಳಿ ತಪ್ಪಿ 49 ಮಂದಿ ಸತ್ತರು. ಮೊದಲ ಬೋಲ್ಟಿನ ತೂತಿನ ಮೂಲಕ ಬೆಳೆದ ಬಿರುಕಿನಿಂದ ಹಳಿಯ ತುದಿಯ ತ್ರಿಕೋನಾಕಾರದ ಚೂರೊಂದು ಕಳಚಿ ಬಿದ್ದಿತ್ತು. ಅಡಿಯ ಆಸರೆಯೂ ಸರಿಯಿರಲಿಲ್ಲ. ಬ್ರಿಟನ್ನಿನಲ್ಲಿ ಸಂದುಗಳನ್ನು ತೆಗೆದು ಬೆಸುಗೆಯ ಹಳಿ ಹಾಕುವ ಕೆಲಸ ಆಮೇಲೆ ಚುರುಕಾಯಿತು.

ಬೆಸುಗೆಯ ವಿದ್ಯೆ ಅಷ್ಟರಲ್ಲಿ ಹಳೆಯದಾಗಿತ್ತು. ಜರ್ಮನಿಯ ರಸಾಯನಶಾಸ್ತ್ರಜ್ಞ ಹಾನ್ಸ್ ಗೋಲ್ಡ್‌ಸ್ಮಿಟ್ ಇಂಗಾಲದ ಸೋಂಕಿಲ್ಲದ ಲೋಹಗಳನ್ನು ಪಡೆಯಲು ಹೊರಟು 1895ರಲ್ಲಿ ಥರ್ಮಿಟ್ ವಿಧಾನಕ್ಕೆ ಪೇಟೆಂಟ್ ಪಡೆದರು. ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿಯ ಮಿಶ್ರಣಕ್ಕೆ ಕಿಡಿ ತಾಗಿಸಿದರೆ ಅಲ್ಯೂಮಿನಿಯಂ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಸುಮಾರು 2,500 ಡಿಗ್ರಿ ಶಾಖದಲ್ಲಿ ಕಬ್ಬಿಣ ದ್ರವವಾಗಿ ಉಳಿಯುತ್ತದೆ. 1899ರಲ್ಲಿ ಎಸ್ಸೆನ್ ನಗರದ ಟ್ರಾಮ್ ಹಳಿಗಳನ್ನು ಹೀಗೆ ಬೆಸೆಯಲಾಯಿತು. ಟ್ರಾಮ್ ಹಾದಿಯಲ್ಲಿ ಮೊದಲ ಪ್ರಯೋಗ ನಡೆದದ್ದು ಸಹಜ. ಬೀದಿಯಲ್ಲಿ ಹೂತ ಹಳಿ ಬಯಲಿನ ಹಳಿಯಷ್ಟು ಕಾಯುವುದಿಲ್ಲ, ಕಾದರೂ ಅಕ್ಕಪಕ್ಕದ ನೆಲಗಟ್ಟು ಅದನ್ನು ಹಿಡಿದಿಡುತ್ತದೆ.

ಇಂದಿಗೂ ಹಾದಿಯ ಮೇಲೇ ಮಾಡುವ ಬೆಸುಗೆಯಲ್ಲಿ ಇದೇ ಹೆಚ್ಚು ಬಳಕೆಯ ವಿಧಾನ. ಎರಡು ತುದಿಗಳ ನಡುವೆ ಸುಮಾರು 25 ಮಿಲಿಮೀಟರ್ ಬಿಡುತ್ತಾರೆ. ಬೆಸುಗೆ ಆರುವಾಗ ಹಳಿಯ ತಲೆ ಹೆಚ್ಚು ಕುಗ್ಗುವುದರಿಂದ ಸಂದನ್ನು ಮೊದಲೇ ತುಸು ಮೇಲೆತ್ತಿ ಇಡಬೇಕು. ಈ ಅಂದಾಜು ತಪ್ಪಿದರೆ ಅಲ್ಲೊಂದು ತಗ್ಗು ಶಾಶ್ವತವಾಗಿ ಉಳಿಯುತ್ತದೆ. ಎರಡೂ ಬದಿಗೆ ಮರಳಿನ ಅಚ್ಚು ಕಟ್ಟಿ, ಅಚ್ಚಿಗೂ ಹಳಿಗೂ ನಡುವಿನ ಸಂದಿಗೆ ಮರಳಿನ ಮುದ್ದೆ ಮೆತ್ತಿ, ತುದಿಗಳನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಮೇಲಿನ ಮೂಸೆಯಲ್ಲಿ ಮಿಶ್ರಣ ಹೊತ್ತಿ ಕೆಲವೇ ಸೆಕೆಂಡುಗಳಲ್ಲಿ ಉಕ್ಕು ತಳಕ್ಕಿಳಿಯುತ್ತದೆ, ಹಗುರವಾದ ಕಿಟ್ಟ ಮೇಲೆ ತೇಲುತ್ತದೆ. ತಳ ತೆರೆದರೆ ಉಕ್ಕು ಅಚ್ಚಿಗೆ ಹರಿದು ತುದಿಗಳನ್ನೂ ಕರಗಿಸಿ ಒಂದಾಗಿಸುತ್ತದೆ. ಉಬ್ಬಿದ್ದನ್ನು ಬಿಸಿಯಲ್ಲೇ ಕತ್ತರಿಸಿ, ಆಮೇಲೆ ನುಣ್ಣಗೆ ಉಜ್ಜುತ್ತಾರೆ. ಪುಡಿಯಲ್ಲೋ ಅಚ್ಚಿನಲ್ಲೋ ತೇವವಿದ್ದರೆ ಬೆಸುಗೆಯೊಳಗೆ ಗುಳ್ಳೆಗಳಾಗುತ್ತವೆ. ಎಷ್ಟು ಎಚ್ಚರವಹಿಸಿದರೂ ಇದು ಎರಕದ ಲೋಹ. ಮೂಲ ಹಳಿಯಷ್ಟು ಬಾಳಿಕೆ ಬರುವುದಿಲ್ಲ.

ಹೆಚ್ಚು ನಂಬಿಕಸ್ತ ವಿಧಾನ ಫ್ಲ್ಯಾಶ್ ಬಟ್ ಬೆಸುಗೆ. ಎಲಿಹು ಥಾಮ್ಸನ್ 1880ರ ದಶಕದಲ್ಲಿ ರೂಪಿಸಿದ ವಿದ್ಯುತ್ ಬೆಸುಗೆಯಿಂದ ಬೆಳೆದದ್ದು ಅದು. ಎರಡು ತುದಿಗಳನ್ನು ತುಸುವೇ ತಾಗಿಸಿ ಹತ್ತಾರು ಸಾವಿರ ಆಂಪಿಯರ್ ಹರಿಸಿದಾಗ ಲೋಹ ಕಿಡಿಕಿಡಿಯಾಗಿ ಸಿಡಿದು ಮುಖಗಳು ಕರಗುತ್ತವೆ. ಒಮ್ಮೆಲೇ ಒತ್ತಿದರೆ ಕಲ್ಮಶವೆಲ್ಲ ಹೊರಬಂದು ಉಕ್ಕಿಗೆ ಉಕ್ಕೇ ಕೂಡಿಕೊಳ್ಳುತ್ತದೆ. ಹೊರಗಿನ ಲೋಹ ಸೇರುವುದಿಲ್ಲ. ಭಾರವಾದ ಯಂತ್ರ ಬೇಕಾದ್ದರಿಂದ ಮೊದಲು ಕಾರ್ಖಾನೆಗಳಿಗೇ ಸೀಮಿತವಾಗಿತ್ತು. ಕೀವ್‌ನ ಪ್ಯಾಟನ್ ಸಂಸ್ಥೆ ಹಾದಿಯ ಮೇಲೇ ಓಡಾಡುವ ಯಂತ್ರಗಳನ್ನು ರೂಪಿಸಿ ಆ ಮಿತಿಯನ್ನು ದಾಟಿಸಿತು.

ಬೆಸೆಯುವ ದಾರಿ ಸಿಕ್ಕರೂ ಬೆಸೆಯಲು ಅಂಜಿಕೆ ಇತ್ತು. ಒಂದು ಕಿಲೋಮೀಟರ್ ಬಿಡಿ ಹಳಿ 40 ಡಿಗ್ರಿ ಕಾದರೆ 46 ಸೆಂಟಿಮೀಟರ್ ಹಿಗ್ಗುತ್ತದೆ, ಅದು ಹೋಗುವುದೆಲ್ಲಿಗೆ? ಉತ್ತರ ಸರಳ, ಆದರೆ ನಂಬಲು ಕಾಲ ಬೇಕಾಯಿತು. ಹಳಿಯನ್ನು ಸ್ಲೀಪರಿಗೆ, ಸ್ಲೀಪರನ್ನು ಜಲ್ಲಿಯಲ್ಲಿ ಗಟ್ಟಿಯಾಗಿ ಹಿಡಿದರೆ ಹಳಿ ಹಿಗ್ಗುವುದೇ ಇಲ್ಲ. ಹಿಗ್ಗಬೇಕಿದ್ದದ್ದು ಒಳಗಿನ ಒತ್ತಡವಾಗಿ ಉಳಿಯುತ್ತದೆ. ಆ ಬಲ ಹಳಿಯ ಅಡ್ಡಕೊಯ್ತ ಮತ್ತು ಉಷ್ಣತೆಯ ವ್ಯತ್ಯಾಸವನ್ನು ಅವಲಂಬಿಸಿದೆಯೇ ಹೊರತು ಉದ್ದವನ್ನಲ್ಲ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಡಿಗ್ರಿಗೆ ಸುಮಾರು 1.9 ಟನ್, 30 ಡಿಗ್ರಿಗೆ 55 ಟನ್ನಿಗೂ ಮೇಲೆ. ಒಂದು ಕಿಲೋಮೀಟರಿಗೂ ನೂರು ಕಿಲೋಮೀಟರಿಗೂ ಅಷ್ಟೇ. ಸರಿದಾಡುವುದು ಕೊನೆಯ ನೂರು ಮೀಟರಿನಷ್ಟು ಭಾಗ ಮಾತ್ರ; ಅದರ ತುದಿಯಲ್ಲಿ ಒಂದರ ಪಕ್ಕ ಒಂದು ಜಾರುವ ನಾಲಿಗೆಗಳಿರುವ ಹಿಗ್ಗುಸಂದು ಹಾಕುತ್ತಾರೆ. ಅಮೆರಿಕದ ಡೆಲವೇರ್ ಅಂಡ್ ಹಡ್ಸನ್ ರೈಲ್ವೆ 1933ರಲ್ಲಿ ಇಂಥ ಹಳಿ ಹಾಕಿತು. 1964ರಲ್ಲಿ ಜಪಾನಿನ ತೋಕಾಯ್‌ದೋ ಶಿಂಕಾನ್‌ಸೆನ್ ಒಂದೂವರೆ ಕಿಲೋಮೀಟರ್ ಉದ್ದದ ಬೆಸುಗೆಯ ಹಳಿಗಳ ಮೇಲೆಯೇ ಗಂಟೆಗೆ 200 ಕಿಲೋಮೀಟರ್ ವೇಗ ಮುಟ್ಟಿತು.

ಹೀಗೆ ಬೋಲ್ಟು ಹೊರುತ್ತಿದ್ದ ಹೊಣೆ ಈಗ ಇಡೀ ಹಾದಿಯ ಮೇಲೆ ಹರಡಿದೆ. ಕಾಂಕ್ರೀಟ್ ಸ್ಲೀಪರಿನ ತೂಕ, ಹಳಿಯನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕ್ಲಿಪ್ಪು, ಸ್ಲೀಪರಿನ ತುದಿಯಾಚೆ ಸುರಿದ ಜಲ್ಲಿಯ ಭುಜ, ಎಲ್ಲವೂ ಜೋಡಣೆಯ ಅಂಗಗಳೇ. ಭಾರತದ ನಿಯಮದಂತೆ ಆ ಭುಜದ ಅಗಲ ನೇರ ಹಾದಿಯಲ್ಲಿ 350 ಮಿಲಿಮೀಟರ್, ತಿರುವಿನ ಹೊರಮಗ್ಗುಲಲ್ಲಿ 500. ಕಲಬುರಗಿ, ರಾಯಚೂರಿನ ಕಡೆ ಗಾಳಿ 42 ಡಿಗ್ರಿ ಮುಟ್ಟಿದ ಮಧ್ಯಾಹ್ನ ಹಳಿ 60 ಡಿಗ್ರಿಯ ಆಸುಪಾಸಿರುತ್ತದೆ. ಅಂಥ ಹೊತ್ತಿನಲ್ಲಿ ಜಲ್ಲಿ ಕೆದಕಿದರೆ ಹಾದಿ ಹಾವಿನಂತೆ ಬಾಗಿಹೋಗಬಹುದು. ಬೇಸಿಗೆಯ ಗಸ್ತು ಇರುವುದು ಅದಕ್ಕೆ. ಚಳಿಗಾಲದ ಗಸ್ತಿಗೆ ಕಾರಣ ಬೇರೆ: ಕುಗ್ಗಲು ಎಳೆಯುವ ಹಳಿ ದುರ್ಬಲ ಬೆಸುಗೆಯಲ್ಲಿ ತುಂಡಾಗುತ್ತದೆ. ತುಂಡಾದರೆ, ಬೆಸುಗೆಯ ಉಬ್ಬಿಗೆ ಜಾಗ ಬಿಟ್ಟು ಬಾಗಿಸಿದ ಜಾಗಲ್ಡ್ ಫಿಶ್‌ಪ್ಲೇಟನ್ನು ಕ್ಲಾಂಪಿನಿಂದ ಬಿಗಿದು ರೈಲನ್ನು ನಿಧಾನವಾಗಿ ದಾಟಿಸುತ್ತಾರೆ. ಈ ಎರಡು ಅಪಾಯಗಳ ನಡುವೆ ಸರಿಯಾದ ಉಷ್ಣತೆ ಆರಿಸಿ, ಆ ಮಟ್ಟದಲ್ಲಿ ಹಳಿಯಲ್ಲಿ ಒತ್ತಡವೂ ಎಳೆತವೂ ಇಲ್ಲದಂತೆ ಬಂಧಿಸುವುದು ಎಂಜಿನಿಯರುಗಳ ಅತಿ ಸೂಕ್ಷ್ಮದ ಕೆಲಸ.

ಭಿಲಾಯಿ ಕಾರ್ಖಾನೆ ಈಗ 130 ಮೀಟರ್ ಉದ್ದದ ಹಳಿ ತಯಾರಿಸುತ್ತದೆ. ಅಂಥ ಎರಡನ್ನು ಬೆಸೆದು 260 ಮೀಟರಿನ ಹಳಿಯನ್ನು ಸಾಲು ವ್ಯಾಗನ್ನುಗಳ ಮೇಲೆ ಸಾಗಿಸುತ್ತಾರೆ; ಹಿಂದಿನ ಲೆಕ್ಕದಲ್ಲಿ ಇಷ್ಟು ದೂರಕ್ಕೆ ಹತ್ತೊಂಬತ್ತು ಸಂದು ಬೇಕಿತ್ತು. ಆದರೆ ಬೆಸುಗೆ ಎಲ್ಲೆಡೆಗೂ ಒಗ್ಗುವುದಿಲ್ಲ. 440 ಮೀಟರಿಗಿಂತ ಕಡಿಮೆ ತ್ರಿಜ್ಯದ ತಿರುವಿಗೆ ಉದ್ದನೆಯ ಬೆಸುಗೆ ಹಳಿ ಸಾಮಾನ್ಯವಾಗಿ ನಿಷಿದ್ಧ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಟ್ಟದ ಹಾದಿಯಲ್ಲಿ ಅದಕ್ಕಿಂತ ಕಡಿದಾದ ತಿರುವುಗಳಿವೆ.

ಸಿಗ್ನಲ್ಲಿಗೂ ಸಂದು ಬೇಕು. ಹಾದಿಯ ಒಂದು ಭಾಗದಲ್ಲಿ ರೈಲಿದೆಯೇ ಎಂದು ತಿಳಿಸಲು 1872ರಲ್ಲಿ ವಿಲಿಯಂ ರಾಬಿನ್ಸನ್ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿಯೇ ತಂತಿ. ಒಂದು ಭಾಗದ ವಿದ್ಯುತ್ ಇನ್ನೊಂದಕ್ಕೆ ಹರಿಯದಂತೆ ತುದಿಗಳ ನಡುವೆ ನಿರೋಧಕ ತುಂಡು ಇಡಬೇಕು. ಎಪಾಕ್ಸಿ ಅಂಟಿನಿಂದ ಪಟ್ಟಿಗಳನ್ನು ಹಳಿಗೆ ಅಂಟಿಸಿ ಬೋಲ್ಟು ಬಿಗಿದ ಸಂದು ವಿದ್ಯುತ್ತನ್ನು ತಡೆದು ಎಳೆತವನ್ನೂ ತಾಳುತ್ತದೆ. ಹಾದುಹೋಗುವ ಗಾಲಿಗಳ ಅಚ್ಚುಗಳನ್ನು ಎಣಿಸುವ ಆಕ್ಸಲ್ ಕೌಂಟರ್ ಬಂದಲ್ಲಿ ಅದರ ಅಗತ್ಯವೂ ಕಡಿಮೆಯಾಗುತ್ತಿದೆ.

ಬೋಲ್ಟಿನ ಸಂದು ಹೆಚ್ಚಾಗಿ ಉಳಿದಿರುವುದು ಹಾದಿ ಕವಲೊಡೆಯುವ ಪಾಯಿಂಟುಗಳಲ್ಲಿ. 2013ರ ಜುಲೈ 12ರಂದು ಫ್ರಾನ್ಸಿನ ಬ್ರೆತಿನ್ಯಿ ನಿಲ್ದಾಣದಲ್ಲಿ ಇಂಥ ಕಡೆಯೇ ಫಿಶ್‌ಪ್ಲೇಟೊಂದು ಕಳಚಿ ಹಳಿಯ ಸಂದಿಗೆ ಸಿಕ್ಕಿಕೊಂಡು ರೈಲು ಉರುಳಿತು. ಏಳು ಮಂದಿ ಸತ್ತರು. ಕವಲಿನ ನಡುವಿನ ಕ್ರಾಸಿಂಗನ್ನು ಪೆಟ್ಟು ತಾಳುವ ಮ್ಯಾಂಗನೀಸ್ ಉಕ್ಕಿನಲ್ಲಿ ಎರಕ ಹೊಯ್ಯುತ್ತಾರೆ. ಆ ಉಕ್ಕಿಗೆ ಬೇಕಾದ ಶೀಘ್ರ ತಣಿಸುವಿಕೆ ಸಾಮಾನ್ಯ ಹಳಿಯ ಉಕ್ಕನ್ನು ಪೆಡಸು ಮಾಡುತ್ತದೆ, ಹಾಗಾಗಿ ಎರಡನ್ನೂ ನೇರವಾಗಿ ಬೆಸೆಯಲಾಗದು. ಈಗ ಇವೆರಡರ ನಡುವೆ ಸ್ಟೇನ್‌ಲೆಸ್ ಉಕ್ಕಿನ ಸಣ್ಣ ತುಂಡೊಂದನ್ನು ಫ್ಲ್ಯಾಶ್ ಬಟ್ ವಿಧಾನದಲ್ಲಿ ಕೂರಿಸಿ, ಕ್ರಾಸಿಂಗನ್ನೂ ಬೆಸುಗೆಯ ಹಳಿಗೆ ಸೇರಿಸುತ್ತಿದ್ದಾರೆ.